ಆಡಿಸಬೇಕಿತ್ತಾ, ಬೇಡವಾ?

2022ರ ಡಿಸೆಂಬರ್ ತಿಂಗಳಲ್ಲಿ ನಮ್ಮ ವಾಚನಾಲಯಕ್ಕೆ ಪತ್ರಿಕೆ ಓದಲಿಕ್ಕೆ ಬಂದವರಿಗಿಂತ ಚರ್ಚೆ ಮಾಡಲಿಕ್ಕೆ ಬಂದವರೇ ಹೆಚ್ಚು. ಕತಾರಿನಲ್ಲಿ ವಿಶ್ವಕಪ್ ಫುಟ್ಬಾಲ್ ನಡೆಯುತ್ತಿತ್ತು. ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕು ವರ್ಷಕ್ಕೊಮ್ಮೆ ನಮ್ಮ ರಸ್ತೆಗಳ ಬಣ್ಣವೇ ಬದಲಾಗುತ್ತದೆ. ಒಂದು ಕಡೆ ಬ್ರೆಜಿಲಿನ ಹಳದಿ ಬಾವುಟ, ಎದುರು ಅರ್ಜೆಂಟೀನದ ನೀಲಿ ಬಾವುಟ, ನಡುವೆ ಪೋರ್ಚುಗಲಿನದ್ದೊಂದು. ಒಂದೇ ಮನೆಯ ಅಣ್ಣ ತಮ್ಮಂದಿರು ಬೇರೆ ಬೇರೆ ದೇಶದವರಾಗಿ ಒಂದು ತಿಂಗಳು ಮಾತು ಬಿಟ್ಟದ್ದೂ ಉಂಟು.

ಆ ತಿಂಗಳ 6ರಂದು ಪೋರ್ಚುಗಲ್ ತಂಡದ ಕೋಚ್ ಫೆರ್ನಾಂಡೊ ಸಾಂಟೋಸ್ ಸ್ವಿಟ್ಜರ್ಲೆಂಡಿನ ಎದುರಿನ ಪಂದ್ಯದಲ್ಲಿ ಕ್ರಿಸ್ಟಿಯಾನೊ ರೊನಾಲ್ಡೊನನ್ನು ಶುರುವಿಗೆ ಆಡಿಸಲಿಲ್ಲ, ಬೆಂಚಿನಲ್ಲಿ ಕೂರಿಸಿದರು. ಅವನ ಬದಲಿಗೆ ಬಂದ ಗೊನ್ಸಾಲೊ ರಾಮೋಸ್ ಎಂಬ ಹುಡುಗ ಮೂರು ಗೋಲು ಹೊಡೆದ. ಪೋರ್ಚುಗಲ್ 6-1ರಲ್ಲಿ ಗೆದ್ದಿತು. ಮರುದಿನ ನಮ್ಮ ಜಗಲಿಯಲ್ಲಿ ಎಲ್ಲರೂ "ಕೋಚ್ ಅಂದ್ರೆ ಹೀಗಿರಬೇಕು, ಧೈರ್ಯ ನೋಡಿ" ಎಂದರು. ನಾಲ್ಕೇ ದಿನ. 10ನೇ ತಾರೀಕಿನಂದು ಮೊರಾಕ್ಕೊದ ಎದುರು ಪುನಃ ಹಾಗೇ ಮಾಡಿದರು. ರೊನಾಲ್ಡೊ ಒಳಗೆ ಬಂದದ್ದು ದ್ವಿತೀಯಾರ್ಧ ಶುರುವಾದ ಮೇಲೆ. ಪೋರ್ಚುಗಲ್ 1-0ರಲ್ಲಿ ಸೋತು ಹೊರಗೆ ಬಿತ್ತು. ಅದೇ ಜಗಲಿ, ಅದೇ ಜನ. "ಆ ಕೋಚಿಗೆ ತಲೆ ಸರಿ ಇಲ್ಲ ಮಾರಾಯ್ರೆ, ಅಂಥ ಆಟಗಾರನನ್ನು ಹೊರಗೆ ಕೂರಿಸುವುದಾ?"

ನಾನು ಮೂಲೆಯ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದೆ. ಒಬ್ಬ ಹುಡುಗ, ಒಂದು ಕಾಲದಲ್ಲಿ ನನ್ನ ತರಗತಿಯಲ್ಲೇ ಇದ್ದವನು, "ಮಾಸ್ಟ್ರೆ, ನೀವು ಎಂತ ಹೇಳ್ತೀರಿ? ರೊನಾಲ್ಡೊನನ್ನು ಆಡಿಸಬೇಕಿತ್ತಾ, ಬೇಡವಾ?" ಎಂದು ಕೇಳಿದ. ನನಗೆ ಥಟ್ಟನೆ ಇನ್ನೊಬ್ಬ ರೊನಾಲ್ಡೊ ನೆನಪಾದ. ಈಗಿನ ಮಕ್ಕಳಿಗೆ ಆ ಹೆಸರು ಹೇಳಿದರೆ ಪೋರ್ಚುಗಲಿನವನೇ. ನಮ್ಮ ಕಾಲದವರಿಗೆ ರೊನಾಲ್ಡೊ ಅಂದರೆ ಬ್ರೆಜಿಲಿನವನು. ಅವನ ವಿಷಯದಲ್ಲಿ ಇದೇ ಪ್ರಶ್ನೆಯನ್ನು ನಾವು 1998ರಲ್ಲಿ ಇಡೀ ಮಳೆಗಾಲ ಚರ್ಚೆ ಮಾಡಿದ್ದೆವು. ಅಂದು ಹುಡುಗನಿಗೆ ಉತ್ತರ ಪೂರ್ತಿ ಹೇಳಲಿಕ್ಕೆ ಆಗಲಿಲ್ಲ. ಈ ಪುಸ್ತಕಕ್ಕೆ ಏನಾದರೂ ಬರೆದು ಕೊಡಿ ಎಂದು ವಾಚನಾಲಯದವರು ಕೇಳಿದಾಗ, ಅದನ್ನೇ ಬರೆಯುವ ಎಂದು ಕಂಡಿತು.

1998ರ ವಿಶ್ವಕಪ್ ನಡೆದದ್ದು ಫ್ರಾನ್ಸಿನಲ್ಲಿ. ರೊನಾಲ್ಡೊನಿಗೆ ಆಗ 21 ವರ್ಷ. 1994ರಲ್ಲಿ ಬ್ರೆಜಿಲ್ ಕಪ್ ಗೆದ್ದಾಗ 17ರ ಹುಡುಗನಾಗಿ ತಂಡದ ಜೊತೆ ಹೋಗಿದ್ದ, ಆದರೆ ಒಂದು ನಿಮಿಷವೂ ಆಡಿರಲಿಲ್ಲ. ನಂತರದ ನಾಲ್ಕು ವರ್ಷಗಳಲ್ಲಿ ಜಗತ್ತೇ ಅವನ ಹಿಂದೆ ಬಿತ್ತು. 1996ರಲ್ಲಿ ಮತ್ತು 1997ರಲ್ಲಿ ಫಿಫಾ ಅವನನ್ನೇ ವರ್ಷದ ಶ್ರೇಷ್ಠ ಆಟಗಾರ ಎಂದು ಆರಿಸಿತು. ಫ್ರಾನ್ಸಿನಲ್ಲಿಯೂ ಚೆನ್ನಾಗಿಯೇ ಆಡಿದ. ಮೊರಾಕ್ಕೊದ ಎದುರು ಒಂದು ಗೋಲು, ಚಿಲಿಯ ಎದುರು ಎರಡು, ಸೆಮಿಫೈನಲಿನಲ್ಲಿ ಹಾಲೆಂಡಿನ ಎದುರು ಒಂದು. ಆ ಸೆಮಿಫೈನಲನ್ನು ಬ್ರೆಜಿಲ್ ಪೆನಾಲ್ಟಿಯಲ್ಲಿ ಗೆದ್ದು ಫೈನಲಿಗೆ ಬಂದಿತು. ಎದುರಾಳಿ ಫ್ರಾನ್ಸೇ.

ಫೈನಲ್ ಜುಲೈ 12ರ ರಾತ್ರಿ ಪ್ಯಾರಿಸಿನ ಪಕ್ಕದ ಸೇಂಟ್ ಡೆನಿಸಿನಲ್ಲಿ. ಅವರಿಗೆ ರಾತ್ರಿ 9 ಗಂಟೆ ಅಂದರೆ ನಮಗೆ ಮಧ್ಯರಾತ್ರಿ ಕಳೆದು 12.30. ಆಟಿ ಹತ್ತಿರ ಬಂದ ಸಮಯ, ಹೊರಗೆ ಜಡಿಮಳೆ. ಊರಿನಲ್ಲಿ ಟಿವಿ ಇದ್ದ ಮನೆಗಳು ಕೆಲವೇ. ನಾವು ಹದಿನೈದು ಇಪ್ಪತ್ತು ಮಂದಿ ಒಂದು ಮನೆಯ ಚಾವಡಿಯಲ್ಲಿ ಕೂತಿದ್ದೆವು. ಕರೆಂಟು ಹೋಗದೆ ಇರಲಿ ಎಂದು ಬೇಡಿಕೊಂಡದ್ದು ನೆನಪುಂಟು. ನಾನು ಬ್ರೆಜಿಲ್ ಪಕ್ಷದವನು.

ಆ ರಾತ್ರಿ ರೊನಾಲ್ಡೊ ಮೈದಾನದಲ್ಲಿ ಇದ್ದ, ಆದರೆ ಇರಲಿಲ್ಲ. ಓಡುತ್ತಿದ್ದ, ಆದರೆ ಅವನ ಓಟವಲ್ಲ ಅದು. ಒಮ್ಮೆ ಫ್ರಾನ್ಸಿನ ಗೋಲಿ ಬಾರ್ತೆಝ್‌ಗೆ ಜೋರಾಗಿ ಡಿಕ್ಕಿ ಹೊಡೆದು ನೆಲಕ್ಕೆ ಬಿದ್ದ. ಝಿದಾನ್ ಎರಡು ಸಲ ಕಾರ್ನರಿನಿಂದ ಬಂದ ಚೆಂಡನ್ನು ತಲೆಯಲ್ಲಿ ಹೊಡೆದು ಗೋಲು ಮಾಡಿದ. ಕೊನೆಯ ಗಳಿಗೆಯಲ್ಲಿ ಪೆಟಿ ಇನ್ನೊಂದು. ಫ್ರಾನ್ಸ್ 3, ಬ್ರೆಜಿಲ್ 0. ಫ್ರಾನ್ಸಿನ ಒಬ್ಬ ಆಟಗಾರ ಕೆಂಪು ಕಾರ್ಡ್ ಪಡೆದು ಹೊರಗೆ ಹೋದ ಮೇಲೂ ಬ್ರೆಜಿಲಿಗೆ ಒಂದು ಗೋಲು ಹೊಡೆಯಲಿಕ್ಕೆ ಆಗಲಿಲ್ಲ. ಮಳೆಯಲ್ಲಿ ಮನೆಗೆ ನಡೆಯುವಾಗ ಯಾರೂ ಮಾತಾಡಲಿಲ್ಲ. ಬೆಳಿಗ್ಗೆ ಶಾಲೆಗೆ ಹೋಗಿ ಹೇಗೆ ಪಾಠ ಮಾಡಿದೆನೋ ದೇವರಿಗೇ ಗೊತ್ತು.

ಮಾತು ಶುರುವಾದದ್ದು ಆಮೇಲೆ. ಸೋಮವಾರ ನಮಗೆ ಬಂದ ಪತ್ರಿಕೆ ರಾತ್ರಿಯೇ ಅಚ್ಚಾಗಿ ಹೊರಟದ್ದು, ಅದರಲ್ಲಿ ಫೈನಲಿನ ಸುದ್ದಿಯೇ ಇಲ್ಲ. ಮಂಗಳವಾರ ಬಂತು. ರೊನಾಲ್ಡೊನಿಗೆ ಹುಷಾರಿರಲಿಲ್ಲವಂತೆ, ಮೊದಲು ಕೊಟ್ಟ ಪಟ್ಟಿಯಲ್ಲಿ ಅವನ ಹೆಸರೇ ಇರಲಿಲ್ಲವಂತೆ. ಅಷ್ಟು ಸಾಕಾಯಿತು. ಕನ್ನಡ ಪತ್ರಿಕೆ ಓದಿದವರದ್ದು ಒಂದು ಕಥೆ, ಮಲಯಾಳ ಪತ್ರಿಕೆ ಓದಿದವರದ್ದು ಇನ್ನೊಂದು, ಎರಡನ್ನೂ ಓದದವರದ್ದು ಎಲ್ಲಕ್ಕಿಂತ ದೊಡ್ಡದು. ಊಟದಲ್ಲಿ ವಿಷ ಹಾಕಿದರು ಎಂದರು. ಬ್ರೆಜಿಲ್ ಪಂದ್ಯವನ್ನು ಮಾರಿದೆ ಎಂದರು. ಶೂ ಕಂಪೆನಿಯವರು "ಅವನು ಆಡದಿದ್ದರೆ ದುಡ್ಡಿಲ್ಲ" ಎಂದು ಹೆದರಿಸಿದರು ಎಂದರು. ನಾನೂ ಈ ಕೊನೆಯ ಕಥೆಯನ್ನು ನಂಬಿದೆ. ನಂಬಿದ್ದು ಮಾತ್ರವಲ್ಲ, ನಾಲ್ಕು ಜನರಿಗೆ ಹೇಳಿದೆ. ಮೇಷ್ಟ್ರು ಹೇಳಿದ್ದು ಎಂದು ಅದಕ್ಕೆ ತೂಕವೂ ಬಂತು.

ನಡೆದದ್ದು ಏನು ಎಂಬುದು ಆ ತಂಡದವರೇ ಆಮೇಲೆ ಹೇಳಿದ ಮಾತುಗಳಿಂದ ಈಗ ಸಾಕಷ್ಟು ಸ್ಪಷ್ಟವಾಗಿದೆ. ಪ್ಯಾರಿಸಿನ ಹೊರಗೆ ಲೆಸಿನ್ಯಿ ಎಂಬಲ್ಲಿ ಬ್ರೆಜಿಲ್ ತಂಡ ಉಳಿದುಕೊಂಡಿತ್ತು. ಫೈನಲಿನ ದಿನ ಮಧ್ಯಾಹ್ನ ಊಟ ಮಾಡಿ ಆಟಗಾರರು ಕೋಣೆಗೆ ಹೋಗಿದ್ದರು. ರೊನಾಲ್ಡೊನ ಕೋಣೆಯಲ್ಲಿ ರೋಬರ್ಟೊ ಕಾರ್ಲೋಸ್ ಇದ್ದ. ಮಲಗಿದ್ದ ರೊನಾಲ್ಡೊನಿಗೆ ಒಮ್ಮೆಲೇ ಸೆಳೆತ ಬಂತು, ನಾವು ಫಿಟ್ಸ್ ಎನ್ನುತ್ತೇವಲ್ಲ, ಅದು. ಕೂಗು ಕೇಳಿ ಪಕ್ಕದ ಕೋಣೆಯವರೆಲ್ಲ ಓಡಿ ಬಂದರು. ಸೀಸರ್ ಸಂಪಾಯೊ ಎಂಬ ಆಟಗಾರ ಮೊದಲು ಹತ್ತಿರ ಹೋಗಿ ಹಿಡಿದುಕೊಂಡ. ಸೆಳೆತ ನಿಂತ ಮೇಲೆ ರೊನಾಲ್ಡೊ ನಿದ್ದೆ ಹೋದ. ಎದ್ದಾಗ ತನಗೆ ಏನಾಯಿತು ಎಂದೇ ಅವನಿಗೆ ಗೊತ್ತಿರಲಿಲ್ಲ. ಜೊತೆಯವರು ಹೇಳಬೇಕಾಯಿತು.

ಅವನನ್ನು ಪ್ಯಾರಿಸಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದರು. ಉಳಿದ ತಂಡ ಅವನಿಲ್ಲದೆ ಸ್ಟೇಡಿಯಮಿಗೆ ಹೊರಟಿತು. ಕೋಚ್ ಮಾರಿಯೊ ಝಗಾಲೊ ಅವನ ಸ್ಥಾನದಲ್ಲಿ ಎಡ್ಮುಂಡೊನ ಹೆಸರು ಬರೆದು ಪಟ್ಟಿ ಕೊಟ್ಟರು. ಲೋಕದ ಪತ್ರಕರ್ತರೆಲ್ಲ ಆ ಪಟ್ಟಿ ನೋಡಿ ಬೆಚ್ಚಿಬಿದ್ದರು. ಆಸ್ಪತ್ರೆಯ ಪರೀಕ್ಷೆಯಲ್ಲಿ ತೊಂದರೆ ಏನೂ ಕಾಣಲಿಲ್ಲ. ಆಟ ಶುರುವಾಗಲು ಸುಮಾರು 40 ನಿಮಿಷ ಇರುವಾಗ ರೊನಾಲ್ಡೊ ನೇರ ಸ್ಟೇಡಿಯಮಿಗೆ ಬಂದು, ನನಗೇನೂ ಆಗಿಲ್ಲ, ಆಡುತ್ತೇನೆ ಎಂದ. ಝಗಾಲೊ ಒಪ್ಪಿದರು. ಪಟ್ಟಿ ಬದಲಾಯಿತು. ಮುಂದಿನದ್ದನ್ನು ನಾವೆಲ್ಲ ಆ ಮಳೆಯ ರಾತ್ರಿ ನೋಡಿದ್ದೇವೆ.

ಶೂ ಕಂಪೆನಿಯ ಕಥೆಯೂ ಸುಮ್ಮನೆ ಹುಟ್ಟಿದ್ದಲ್ಲ. ಬ್ರೆಜಿಲಿನ ಫುಟ್ಬಾಲ್ ಒಕ್ಕೂಟ 1996ರಲ್ಲಿ ನೈಕಿ ಕಂಪೆನಿಯ ಜೊತೆ ದೊಡ್ಡ ಮೊತ್ತದ ಕರಾರು ಮಾಡಿಕೊಂಡಿತ್ತು. ಆ ಕರಾರಿನ ಬಗ್ಗೆ ಬ್ರೆಜಿಲಿನ ಸಂಸತ್ತೇ ವಿಚಾರಣಾ ಸಮಿತಿ ಮಾಡಿತು. ಝಗಾಲೊರನ್ನು ಕರೆಸಿ ಕೇಳಿದರು. 2001ರ ಜನವರಿಯಲ್ಲಿ ರೊನಾಲ್ಡೊನೂ ಹೋಗಿ ಸಾಕ್ಷಿ ಹೇಳಬೇಕಾಯಿತು. ಒಂದು ದೇಶದ ಸಂಸತ್ತು "ಫೈನಲ್ ಯಾಕೆ ಸೋತಿರಿ, ನಿನ್ನನ್ನು ಯಾಕೆ ಆಡಿಸಿದರು" ಎಂದು ಆಟಗಾರನನ್ನು ಕರೆಸಿ ಕೇಳುವುದು ನಮಗೆ ವಿಚಿತ್ರ ಅನಿಸಬಹುದು. ಅಲ್ಲಿ ಫುಟ್ಬಾಲ್ ಅಷ್ಟು ದೊಡ್ಡ ಸಂಗತಿ. ಕಂಪೆನಿಯವರು ಆಡಲಿಕ್ಕೆ ಒತ್ತಾಯ ಮಾಡಿದರು ಎನ್ನುವುದನ್ನು ರೊನಾಲ್ಡೊ ಒಪ್ಪಲಿಲ್ಲ. ಅದಕ್ಕೆ ಪುರಾವೆಯೂ ಸಿಗಲಿಲ್ಲ. ನಾನು ನಾಲ್ಕು ಜನರಿಗೆ ಹೇಳಿದ ಕಥೆ ಹಾಗೆ ಬಿದ್ದು ಹೋಯಿತು. ಆ ನಾಲ್ಕು ಜನರಿಗೆ ನಾನು ತಿದ್ದಿ ಹೇಳಿದ್ದೇನೆಯೇ ಎಂದರೆ, ಇಲ್ಲ. ಈಗ ಹೇಳುತ್ತಿದ್ದೇನೆ.

ಹಾಗಾದರೆ ಆಡಿಸಲು ಒತ್ತಾಯ ಮಾಡಿದ್ದು ಯಾರು? ತಂಡದ ವೈದ್ಯರಾಗಿದ್ದ ಲಿಡಿಯೊ ಟೊಲೆಡೊ ಆಮೇಲೆ ಒಂದು ಮಾತು ಹೇಳಿದರು. ಅದರ ತಾತ್ಪರ್ಯ ಇಷ್ಟು: ಅವನನ್ನು ನಾನು ತಡೆದು, ಬ್ರೆಜಿಲ್ ಸೋತಿದ್ದರೆ, ನನಗೆ ಆ ದೇಶದಲ್ಲಿ ಬದುಕಲಿಕ್ಕೇ ಆಗುತ್ತಿರಲಿಲ್ಲ. ಈ ಮಾತು ಓದಿದ ದಿನ ನನಗೆ ಸಂಕಟ ಆಯಿತು. ವೈದ್ಯರು ಹೆದರಿದ್ದು ಶೂ ಕಂಪೆನಿಗೆ ಅಲ್ಲ. ಹೆದರಿದ್ದು ಬಾವುಟ ಕಟ್ಟಿದವರಿಗೆ, ರಾತ್ರಿ ಎಚ್ಚರ ಕೂತವರಿಗೆ, ಅಂದರೆ ನಮ್ಮಂಥವರಿಗೆ.

ಆ ವಿಶ್ವಕಪ್ಪಿಗೆ ಸ್ವಲ್ಪ ಮೊದಲು ನಡೆದ ಇನ್ನೊಂದು ಸಂಗತಿಯನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬೇಕು. 1994ರಲ್ಲಿ ಬ್ರೆಜಿಲಿಗೆ ಕಪ್ ಗೆಲ್ಲಿಸಿದ ರೊಮಾರಿಯೊನಿಗೆ ಕಾಲಿನ ಮೀನಖಂಡದಲ್ಲಿ ನೋವಿತ್ತು. ನಾನು ಗುಣವಾಗುತ್ತೇನೆ, ಮುಂದಿನ ಪಂದ್ಯಗಳಿಗೆ ಸಿಗುತ್ತೇನೆ ಎಂದು ಅವನು ಹೇಳಿದ. ತಂಡದವರು ಕೇಳಲಿಲ್ಲ, ಪಂದ್ಯಾವಳಿ ಶುರುವಾಗುವ ಕೆಲವೇ ದಿನ ಮೊದಲು ಮನೆಗೆ ಕಳಿಸಿದರು. ಪತ್ರಕರ್ತರ ಎದುರು ಅವನು ಅತ್ತ. ಅದೇ ಕೋಚ್, ಅದೇ ವೈದ್ಯರು. ಕಾಲು ನೋವಿನವನು "ಆಡುತ್ತೇನೆ" ಎಂದಾಗ ಬೇಡ ಎಂದವರು, ಮಧ್ಯಾಹ್ನ ಪ್ರಜ್ಞೆ ತಪ್ಪಿದವನು ರಾತ್ರಿ "ಆಡುತ್ತೇನೆ" ಎಂದಾಗ ಸರಿ ಎಂದರು. ವ್ಯತ್ಯಾಸ ಎಂತದ್ದು? ಮೊದಲನೆಯದನ್ನು ಯೋಚಿಸಲಿಕ್ಕೆ ದಿನಗಳಿದ್ದವು. ಎರಡನೆಯದಕ್ಕೆ ಇದ್ದದ್ದು 40 ನಿಮಿಷ, ಹೊರಗೆ ತುಂಬಿದ ಸ್ಟೇಡಿಯಂ.

ನಮ್ಮ ವಾಚನಾಲಯದಲ್ಲಿ ಆಗ ಒಬ್ಬರು ಹಿರಿಯರಿದ್ದರು, ರೇಡಿಯೊ ಕಾಲದಿಂದಲೂ ಫುಟ್ಬಾಲ್ ಕೇಳುತ್ತಾ ಬಂದವರು. ನಾವು ಝಗಾಲೊನನ್ನು ಬೈಯುವಾಗ ಅವರು 1966ರ ಕಥೆ ಹೇಳಿದರು. ಅದು ಇಂಗ್ಲೆಂಡಿನಲ್ಲೇ ನಡೆದ ವಿಶ್ವಕಪ್. ಅವರ ದೊಡ್ಡ ಸ್ಟ್ರೈಕರ್ ಜಿಮ್ಮಿ ಗ್ರೀವ್ಸ್. ಇಂಗ್ಲೆಂಡಿಗಾಗಿ ಒಟ್ಟು 57 ಪಂದ್ಯಗಳಲ್ಲಿ 44 ಗೋಲು ಹೊಡೆದವನು. ಫ್ರಾನ್ಸಿನ ಎದುರಿನ ಪಂದ್ಯದಲ್ಲಿ ಅವನ ಮೊಣಕಾಲಿನ ಕೆಳಗೆ ಗಾಯವಾಗಿ ಹೊಲಿಗೆ ಹಾಕಬೇಕಾಯಿತು. ಅವನ ಬದಲಿಗೆ ಜೆಫ್ ಹರ್ಸ್ಟ್ ಬಂದ, ಅರ್ಜೆಂಟೀನದ ಎದುರು ಗೆಲುವಿನ ಗೋಲು ಹೊಡೆದ. ಫೈನಲ್ ಬರುವಾಗ ಗ್ರೀವ್ಸ್ ಆಡುವಷ್ಟು ಗುಣವಾಗಿದ್ದ. ಆಗ ಪಂದ್ಯದ ನಡುವೆ ಆಟಗಾರನನ್ನು ಬದಲಾಯಿಸುವ ನಿಯಮ ಇರಲಿಲ್ಲ. ವಿಶ್ವಕಪ್ಪಿನಲ್ಲಿ ಅದು ಬಂದದ್ದು 1970ರಲ್ಲಿ. ಹನ್ನೊಂದು ಜನ ಒಳಗೆ ಹೋದರೆ ಮುಗಿಯಿತು. ಗಾಯ ಪುನಃ ತೆರೆದುಕೊಂಡರೆ ತಂಡ ಹತ್ತೇ ಜನರಲ್ಲಿ ಆಡಬೇಕು.

ಗ್ರೀವ್ಸನನ್ನು ಆಡಿಸಬೇಕಾ, ಬೇಡವಾ? ಇಡೀ ಇಂಗ್ಲೆಂಡ್ ಇದನ್ನೇ ಮಾತಾಡಿತು. ಕೋಚ್ ಆಲ್ಫ್ ರಾಮ್ಸೆ ಹರ್ಸ್ಟನನ್ನೇ ಇಟ್ಟುಕೊಂಡರು. ಹರ್ಸ್ಟ್ ಫೈನಲಿನಲ್ಲಿ ಮೂರು ಗೋಲು ಹೊಡೆದ, ಇಂಗ್ಲೆಂಡ್ ಪಶ್ಚಿಮ ಜರ್ಮನಿಯನ್ನು 4-2ರಲ್ಲಿ ಸೋಲಿಸಿತು. ಮತ್ತೆ ಯಾರೂ ರಾಮ್ಸೆಯನ್ನು ಪ್ರಶ್ನಿಸಲಿಲ್ಲ. ಫೈನಲ್ ಆಡಿದ ಹನ್ನೊಂದು ಜನರಿಗೆ ಮಾತ್ರ ಪದಕ ಸಿಕ್ಕಿತು. ಹೊರಗೆ ಕೂತ ಗ್ರೀವ್ಸ್‌ನಿಗೆ ಪದಕ ಬಂದದ್ದು 2009ರಲ್ಲಿ, 43 ವರ್ಷ ಕಳೆದು.

ಹಿರಿಯರು ಈ ಕಥೆ ಹೇಳಿ ಕೇಳಿದ್ದು ಇಷ್ಟೇ. "ಹರ್ಸ್ಟ್ ಆ ದಿನ ಗೋಲು ಹೊಡೆಯದೇ ಇದ್ದಿದ್ದರೆ ರಾಮ್ಸೆ ಮೂರ್ಖ ಆಗುತ್ತಿದ್ದರು ಅಲ್ಲವಾ? ರೊನಾಲ್ಡೊ ಆ ದಿನ ಎರಡು ಗೋಲು ಹೊಡೆದಿದ್ದರೆ ನೀವು ಝಗಾಲೊರನ್ನು ಹೊಗಳುತ್ತಿದ್ದಿರಿ ಅಲ್ಲವಾ?" ನಾವು ನಕ್ಕೆವು. ಉತ್ತರ ಕೊಡಲಿಲ್ಲ.

ನನಗೆ ಉತ್ತರ ಸಿಕ್ಕಿದ್ದು ಮರುವರ್ಷ, ಅದೂ ನಾನು ಬಯಸದ ರೀತಿಯಲ್ಲಿ. ಆಗ ನಾನು ಕಲಿಸುತ್ತಿದ್ದ ಶಾಲೆಯ ಫುಟ್ಬಾಲ್ ತಂಡದ ಜವಾಬ್ದಾರಿ ನನ್ನದು. ನಾನೇನು ತರಬೇತಿ ಪಡೆದವನಲ್ಲ, ಆಸಕ್ತಿ ಇದ್ದದ್ದಕ್ಕೆ ವಹಿಸಿದ್ದರು. ಶಾಲೆಗಳ ನಡುವಿನ ಪಂದ್ಯಾವಳಿಯಲ್ಲಿ ನಾವು ಫೈನಲಿಗೆ ಬಂದೆವು. ನಮ್ಮಲ್ಲಿ ಗೋಲು ಹೊಡೆಯುವವನು ಒಬ್ಬನೇ, ಒಂಬತ್ತನೆಯ ತರಗತಿಯ ಹುಡುಗ. ಹಿಂದಿನ ದಿನದ ಪಂದ್ಯದಲ್ಲಿ ಅವನ ಪಾದದ ಗಂಟು ತಿರುಚಿತ್ತು. ಬೆಳಿಗ್ಗೆ ನೋಡುವಾಗ ಬಾತುಕೊಂಡಿತ್ತು. ನಾನು ಕೇಳಿದೆ, "ಆಗ್ತದಾ ನಿಂಗೆ?" ಅವನು ಕಾಲನ್ನು ಹಿಂದೆ ಎಳೆದುಕೊಂಡು ಹೇಳಿದ, "ಎಂತ ಇಲ್ಲ ಮಾಸ್ಟ್ರೆ, ಆಗ್ತದೆ." ಗಂಟಿಗೆ ಬಟ್ಟೆ ಬಿಗಿಯಾಗಿ ಸುತ್ತಿ ಒಳಗೆ ಕಳಿಸಿದೆ. ಝಗಾಲೊನನ್ನು ಇಡೀ ಒಂದು ಮಳೆಗಾಲ ಬೈದವನು ನಾನೇ.

ನಾವು 2-1ರಲ್ಲಿ ಗೆದ್ದೆವು. ಎರಡನೆಯ ಗೋಲು ಅವನದ್ದೇ. ಮೆರವಣಿಗೆ ಆಯಿತು, ಹಾರ ಬಿತ್ತು, ಶಾಲೆಯ ಅಸೆಂಬ್ಲಿಯಲ್ಲಿ ನನ್ನ ಹೆಸರು ಹೇಳಿ ಚಪ್ಪಾಳೆ ತಟ್ಟಿದರು. ಹುಡುಗ ಮೂರು ತಿಂಗಳು ಸರಿಯಾಗಿ ನಡೆಯಲಿಲ್ಲ. ಹೊಳೆ ದಾಟಿ ಗುಡ್ಡ ಹತ್ತಿ ಶಾಲೆಗೆ ಬರಬೇಕಿದ್ದವನು, ತುಂಬಾ ದಿನ ಬರಲೇ ಇಲ್ಲ. ಅವನ ತಂದೆ ಒಂದು ದಿನ ಪೇಟೆಯಲ್ಲಿ ಸಿಕ್ಕಿದರು. ಏನೂ ಹೇಳಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಯಾರೂ ನನ್ನನ್ನು "ಯಾಕೆ ಆಡಿಸಿದ್ದು" ಎಂದು ಕೇಳಲಿಲ್ಲ. ಯಾಕೆ ಅಂದರೆ ನಾವು ಗೆದ್ದಿದ್ದೆವು. ಸೋತಿದ್ದರೆ ಊರಿಡೀ ಕೇಳುತ್ತಿತ್ತು. ಹಿರಿಯರು ಕೇಳಿದ ಪ್ರಶ್ನೆಯ ಅರ್ಥ ಆಗ ಆಯಿತು. ಗೆಲುವು ನನ್ನ ತಪ್ಪನ್ನು ಮುಚ್ಚಿತು, ಸೋಲು ಝಗಾಲೊರ ತಪ್ಪನ್ನು ತೋರಿಸಿತು. ತಪ್ಪು ಮಾತ್ರ ಒಂದೇ. ಅದು ನಡೆದದ್ದು ಪಂದ್ಯದಲ್ಲಿ ಅಲ್ಲ, ಪಂದ್ಯಕ್ಕೆ ಮೊದಲು, "ಆಗ್ತದಾ?" ಎಂದು ಆಟಗಾರನನ್ನೇ ಕೇಳಿದಾಗ. 21 ವರ್ಷದವನೇ ಇರಲಿ, 14ರವನೇ ಇರಲಿ, ಫೈನಲಿನ ದಿನ ಯಾವ ಆಟಗಾರ "ಆಗುವುದಿಲ್ಲ" ಎಂದಾನು? ಆಗುವುದಿಲ್ಲ ಎಂದು ಅವನ ಪರವಾಗಿ ಹೇಳಲಿಕ್ಕೆಂದೇ ಕೋಚ್ ಇರುವುದು, ವೈದ್ಯರು ಇರುವುದು, ಮೇಷ್ಟ್ರು ಇರುವುದು. ಮಧ್ಯಾಹ್ನ ಫಿಟ್ಸ್ ಬಂದ ಹುಡುಗನನ್ನು ಏನು ಮಾಡಬೇಕು ಎಂದು ನಮ್ಮ ಊರಿನ ಯಾವ ಅಜ್ಜಿಯನ್ನು ಕೇಳಿದರೂ "ಮಲಗಲಿ ಬಿಡಿ" ಎನ್ನುತ್ತಿದ್ದರು. ಅಷ್ಟು ಹೇಳುವವರು ಆ ರಾತ್ರಿ ಸ್ಟೇಡಿಯಮಿನಲ್ಲಿ ಒಬ್ಬರೂ ಇರಲಿಲ್ಲ.

ರೊನಾಲ್ಡೊನ ಕಥೆ ಅಲ್ಲಿಗೆ ಮುಗಿಯಲಿಲ್ಲ. 1999ರ ನವೆಂಬರಿನಲ್ಲಿ ಅವನ ಮೊಣಕಾಲು ಹೋಯಿತು. 2000ದ ಏಪ್ರಿಲಿನಲ್ಲಿ ಪುನಃ ಆಡಲು ಇಳಿದು ಕೆಲವೇ ನಿಮಿಷಗಳಲ್ಲಿ ಅದೇ ಮೊಣಕಾಲು ಹಿಡಿದುಕೊಂಡು ಬಿದ್ದ. ಮುಂದಿನ ಇಡೀ ಋತು ಮೈದಾನ ನೋಡಲಿಲ್ಲ. 2002ರ ವಿಶ್ವಕಪ್ಪಿಗೆ ಕೋಚ್ ಸ್ಕೊಲಾರಿ ಅವನನ್ನು ಆರಿಸಿದಾಗ ಪುನಃ ಚರ್ಚೆ. ಅಷ್ಟು ಸಮಯ ಆಡದವನನ್ನು ಕರೆದುಕೊಂಡು ಹೋಗುವುದಾ? ರೊಮಾರಿಯೊ ಬೇಕು ಎಂದು ಬ್ರೆಜಿಲಿನ ಜನ ಗಲಾಟೆ ಮಾಡಿದರು. ಸ್ಕೊಲಾರಿ ಕೇಳಲಿಲ್ಲ.

ಈ ಸಲ ಅವನನ್ನು ನೋಡಿಕೊಂಡ ರೀತಿ ಬೇರೆ. ಟರ್ಕಿಯ ಎದುರಿನ ಮೊದಲ ಪಂದ್ಯದಲ್ಲಿ ಸುಮಾರು 70 ನಿಮಿಷ ಆಡಿಸಿ ಹೊರಗೆ ಕರೆದರು. ಸೆಮಿಫೈನಲಿಗೆ ಮೊದಲು ಅವನ ಕಾಲಿನ ಬಗ್ಗೆ ಪತ್ರಿಕೆಗಳು ಬರೆಯಲು ತೊಡಗಿದವು. ಅವನು ತಲೆ ಬೋಳಿಸಿ ಮುಂದೆ ಮಾತ್ರ ಒಂದು ತುಂಡು ಕೂದಲು ಬಿಟ್ಟು ಬಂದ. ಜನ ಕಾಲು ಬಿಟ್ಟು ಕೂದಲಿನ ಬಗ್ಗೆ ಮಾತಾಡಲಿ ಎಂದು ಹಾಗೆ ಮಾಡಿದ್ದು ಎಂದು ಆಮೇಲೆ ಅವನೇ ಹೇಳಿದ. ಆ ಪಂದ್ಯದಲ್ಲೂ ಗೋಲು ಹೊಡೆದ, ಅಲ್ಲಿಯೂ ಅವನನ್ನು ಪೂರ್ತಿ ಆಡಿಸಲಿಲ್ಲ. ಜೂನ್ 30ರಂದು ಯೋಕೊಹಾಮದ ಫೈನಲಿನಲ್ಲಿ ಜರ್ಮನಿಯ ಎದುರು ಎರಡು ಗೋಲು. ಬ್ರೆಜಿಲ್ 2-0. ಪಂದ್ಯಾವಳಿಯಲ್ಲಿ ಅವನದ್ದು ಒಟ್ಟು 8. ನಮಗೆ ಅದು ಭಾನುವಾರ ಸಂಜೆ 4.30ರ ಆಟ. ಪಟಾಕಿ ಒದ್ದೆಯಾಗಿ ಸಿಡಿಯಲಿಲ್ಲ, ಆದರೂ ಊರು ಕುಣಿಯಿತು.

ಆಮೇಲೆ ಎಲ್ಲರೂ ಸ್ಕೊಲಾರಿ ಸರಿ ಎಂದರು. ಗೆದ್ದದ್ದರಿಂದ ಸರಿ ಎಂದರು. ನನ್ನ ಲೆಕ್ಕ ಬೇರೆ. ಫೈನಲ್ ಸೋತಿದ್ದರೂ ಅವರು ಮಾಡಿದ್ದು ಸರಿಯೇ ಇತ್ತು. ಗುಣವಾದ ಆಟಗಾರನನ್ನು, ಅವನ ಕಾಲಿನ ಮಿತಿ ತಿಳಿದು ಆಡಿಸಿದರು. ಹಾಗೆಯೇ 1998ರಲ್ಲಿ ಬ್ರೆಜಿಲ್ ಗೆದ್ದಿದ್ದರೂ ಝಗಾಲೊ ಮಾಡಿದ್ದು ತಪ್ಪೇ.

ಶಾಲೆಯಲ್ಲಿ ಇತಿಹಾಸ ಪಾಠ ಮಾಡುವ ನನ್ನ ಸಹೋದ್ಯೋಗಿಗಳಿಗೂ ಇದನ್ನೇ ಹೇಳುತ್ತೇನೆ. ರಾಜ ಯುದ್ಧ ಗೆದ್ದರೆ ಶೂರ, ಸೋತರೆ ಅವಿವೇಕಿ ಎಂದು ಬರೆದುಬಿಡುತ್ತೇವೆ. ಆ ಬೆಳಿಗ್ಗೆ ಅವನಿಗೆ ಏನು ಗೊತ್ತಿತ್ತು, ಯಾರಿಗೆ ಹೆದರಿದ್ದ, ಯಾರ ಮೈಮೇಲೆ ಆ ತೀರ್ಮಾನ ಬಿತ್ತು, ಇದನ್ನು ಮಕ್ಕಳಿಗೆ ಕೇಳಲಿಕ್ಕೆ ಕಲಿಸಬೇಕು. ಫುಟ್ಬಾಲಿನಿಂದ ಶುರು ಮಾಡಿದರೆ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ.

ನನ್ನ ಆ ಹುಡುಗ ಈಗ ಗಲ್ಫಿನಲ್ಲಿದ್ದಾನೆ. ರಜೆಯಲ್ಲಿ ಬಂದಾಗ ಮನೆಗೆ ಬರುತ್ತಾನೆ. ಕಳೆದ ಮಳೆಗಾಲ ಬಂದಿದ್ದವನು ಜಗಲಿಯಲ್ಲಿ ಕೂತು ಪಾದದ ಗಂಟನ್ನು ತಿಕ್ಕಿಕೊಳ್ಳುತ್ತಿದ್ದ. "ಥಂಡಿಗೆ ಈಗಲೂ ನೋಯ್ತದೆ ಮಾಸ್ಟ್ರೆ" ಎಂದು ನಕ್ಕ. "ಅವತ್ತು ನಿನ್ನನ್ನು ಆಡಿಸಬಾರದಿತ್ತು" ಎಂದೆ. ಅವನಿಗೆ ಆಶ್ಚರ್ಯ ಆಯಿತು. "ಹಾಗೆಂತ ಹೇಳ್ತೀರಿ? ನಾವು ಗೆದ್ದದ್ದಲ್ವಾ?" ಎಂದ.

ಕತಾರ್ ವಿಶ್ವಕಪ್ಪಿನ ಸಮಯ ಪ್ರಶ್ನೆ ಕೇಳಿದ ಆ ಇನ್ನೊಬ್ಬ ಹುಡುಗನಿಗೆ ಈ ಬರಹವೇ ಉತ್ತರ. ಇನ್ನೊಂದು ವಿಶ್ವಕಪ್ ಬಂದಾಗ ನಮ್ಮ ಜಗಲಿಯಲ್ಲಿ ಪುನಃ ಇದೇ ಚರ್ಚೆ ಆಗುತ್ತದೆ, ಆಗಲಿ. ಆದರೆ ಆಟಗಾರ ನೋವಿನಲ್ಲಿದ್ದಾನೆ ಎಂದು ಕೇಳಿದ ದಿನ, ಬಾವುಟ ಕಟ್ಟಿದ ನಾವೇ ಮೊದಲು "ಬೇಡ, ಅವನು ಕೂತುಕೊಳ್ಳಲಿ" ಎಂದು ಹೇಳಿದರೆ, ಎಲ್ಲೋ ಒಬ್ಬ ವೈದ್ಯನಿಗೆ ಹೆದರಿಕೆ ಸ್ವಲ್ಪ ಕಡಿಮೆ ಆದೀತು. ನಮ್ಮ ಶಾಲೆಯ ಮೈದಾನದಲ್ಲಂತೂ ಖಂಡಿತ ಆಗುತ್ತದೆ.